ಮೂಗು, ಮಗ್ಗ ಮತ್ತು ಧೂಳು

ಶಿವಸ್ವರೋದಯವೆಂಬ ಗ್ರಂಥವು ಶಿವ ಪಾರ್ವತಿಯರ ಸಂವಾದರೂಪದಲ್ಲಿದೆ. ಉಸಿರು ಎರಡೂವರೆ ಗಳಿಗೆಗೊಮ್ಮೆ, ಅಂದರೆ 60 ನಿಮಿಷಕ್ಕೊಮ್ಮೆ, ಒಂದು ಹೊರಳೆಯಿಂದ ಇನ್ನೊಂದಕ್ಕೆ ತಿರುಗುವುದೆಂದು ಅದು ಹೇಳುತ್ತದೆ. ಪಶ್ಚಿಮದ ವೈದ್ಯವಿಜ್ಞಾನದಲ್ಲಿ ಈ ಸರದಿಯನ್ನು ವರ್ಣಿಸಿದವನು ಜರ್ಮನಿಯ ರಿಚರ್ಡ್ ಕೈಸರ್, ಅದು 1895ರಲ್ಲಿ. ಅವಧಿ ಮಾತ್ರ ಎಲ್ಲರಲ್ಲಿಯೂ ಒಂದೇ ಅಲ್ಲ, ಹಲವು ಗಂಟೆಗಳೂ ಆಗಬಹುದು. ಗ್ರಂಥವು ಸ್ವರದಿಂದ ಪ್ರಯಾಣದ, ಯುದ್ಧದ ಫಲವನ್ನೂ ಹೇಳುತ್ತದೆ. ಅದನ್ನು ಶರೀರಶಾಸ್ತ್ರದೊಡನೆ ಬೆರೆಸುವುದು ಯುಕ್ತವಲ್ಲ.

ಮೂಗಿನೊಳಗೆ ಎರಡೂ ಬದಿಗೆ ಸುರುಳಿಯಂಥ ಮೂರು ಮೂರು ಎಲುಬಿನ ಮಡಿಕೆಗಳಿವೆ. ಅವುಗಳ ಮೇಲಿನ ಪೊರೆಯಲ್ಲಿ ರಕ್ತ ತುಂಬಿದಾಗ ದಾರಿ ಕಿರಿದಾಗುತ್ತದೆ, ಇಳಿದಾಗ ಅಗಲವಾಗುತ್ತದೆ. ಒಳಬರುವ ಗಾಳಿ ಇಲ್ಲಿ ಬೆಚ್ಚಗಾಗಿ, ತೇವಗೊಂಡು, ಧೂಳನ್ನು ಲೋಳೆಗೆ ಒಪ್ಪಿಸಿ ಮುಂದೆ ಸಾಗುತ್ತದೆ. ಆ ಲೋಳೆಯನ್ನು ಕಣ್ಣಿಗೆ ಕಾಣದ ಸೂಕ್ಷ್ಮ ರೋಮಗಳು ಗಂಟಲಿನತ್ತ ತಳ್ಳುತ್ತವೆ. ಬಾಯಿಯಿಂದ ಉಸಿರಾಡುವವನಿಗೆ ಈ ಸೇವೆ ದೊರೆಯದು. ಮೂಗು ಕಟ್ಟುವುದೆಂದರೆ ಬಹುಮಟ್ಟಿಗೆ ಈ ಪೊರೆಯ ಬಾವೇ ಹೊರತು ಸಿಂಬಳವಷ್ಟೇ ಅಲ್ಲ. ಎಷ್ಟು ಸಿಂಬಳ ತೆಗೆದರೂ ಮೂಗು ತೆರೆಯದಿರುವುದು ಇದರಿಂದಲೇ.

ಇನ್ನು ನಮ್ಮ ಸೀಮೆಯ ಮಾತು. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು, 1956ರಲ್ಲಿ ಈ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಬಂತು. ಆಳುವವರು ಬದಲಾದರೂ ರಬಕವಿ-ಬನಹಟ್ಟಿಯ ಮಗ್ಗ ನಿಲ್ಲಲಿಲ್ಲ. ಕೈಮಗ್ಗದ ಬಳಿಕ ವಿದ್ಯುತ್ ಮಗ್ಗ ಬಂದಿತು. ವೇಗ ಹೆಚ್ಚಿದಂತೆ ನೂಲಿನಿಂದ ಉದುರುವ ಎಳೆ ಮತ್ತು ಗಂಜಿಯ ಪುಡಿಯೂ ಹೆಚ್ಚಿದವು. ಇಂಥ ಧೂಳಿನ ಕೇಡನ್ನು ಇಟಲಿಯ ರಾಮಾಝಿನಿ 1700ರಲ್ಲಿಯೇ ಕಂಡಿದ್ದನು. ಕಸುಬುದಾರರ ರೋಗಗಳನ್ನು ಕುರಿತ ತನ್ನ ಗ್ರಂಥದಲ್ಲಿ ನಾರು ಹಿಕ್ಕುವವರ ಕೆಮ್ಮು, ಉಬ್ಬಸಗಳನ್ನು ಅವನು ವಿವರಿಸಿದ್ದಾನೆ. ಮುನ್ನೂರು ವರ್ಷಗಳಿಂದ ತಿಳಿದ ವಿಷಯವಿದು! ಆದರೂ ನಮ್ಮ ನೇಕಾರ ಬಂಧುಗಳು ಮೂಗಿಗೊಂದು ಬಟ್ಟೆ ಕಟ್ಟಿಕೊಳ್ಳಲು ಸಂಕೋಚಪಡುತ್ತಾರೆ.

ಕಬ್ಬಿನ ಸೀಮೆಯಲ್ಲಿ ರವದಿ ಸುಡುವ ಹೊಗೆ, ಬೀಳಗಿಯ ರಸ್ತೆಯಂಚಿನಲ್ಲಿ ಕಾಂಗ್ರೆಸ್ ಕಸದ ಪರಾಗ. 1955ರಲ್ಲಿ ಪುಣೆಯಲ್ಲಿ ಗುರುತಿಸಲಾದ ಈ ಕಳೆ ಇಂದು ಇಲ್ಲದ ಊರಿಲ್ಲ. ಶೀತ, ಮೂಗಿನ ನಡುಗೋಡೆ ಡೊಂಕಾಗಿರುವುದು, ಒಳಗೆ ದುರ್ಮಾಂಸ ಬೆಳೆಯುವುದು ಇತರ ಕಾರಣಗಳು. ಬಾಯಿ ತೆರೆದು ಗೊರಕೆ ಹೊಡೆಯುವ ಮಗುವನ್ನು ಗಾಢನಿದ್ರೆಯೆಂದು ಬಿಟ್ಟುಬಿಡಬೇಡಿರಿ. ಮೂಗಿನ ಹಿಂದಿನ ಗ್ರಂಥಿ ಊದಿಕೊಂಡಿರಬಹುದು. ಡೆನ್ಮಾರ್ಕಿನ ಮೇಯರ್ ಇದನ್ನು 1868ರಲ್ಲಿ ತೋರಿಸಿಕೊಟ್ಟನು.

ಅಂಗಡಿಯಲ್ಲಿ ದೊರೆಯುವ ಮೂಗು ತೆರೆಸುವ ಹನಿಗಳನ್ನು ಕೆಲವು ದಿನ ಮೀರಿ ಬಳಸಿದರೆ ಅವುಗಳಿಂದಲೇ ಮೂಗು ಕಟ್ಟತೊಡಗುತ್ತದೆ. ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆಯುವುದು ಲೇಸು. ಹಠಯೋಗಪ್ರದೀಪಿಕೆ ಹೇಳುವ ನೇತಿ ನೀರಿನದಲ್ಲ, ನೂಲಿನದು. ಅದನ್ನು ಬಲ್ಲವರ ಎದುರಿನಲ್ಲಲ್ಲದೆ ಯಾರೂ ಮಾಡತಕ್ಕದ್ದಲ್ಲ.