ಕೊಡಲಿ ಉಳಿಸಿದ ಕಾಡು

ಕೊಡಲಿ ಬಿದ್ದರೆ ಕಾಡು ಮುಗಿಯಿತೆಂದೇ ನಾವು ಭಾವಿಸಿದ್ದೇವೆ. ಇಂಗ್ಲೆಂಡಿನ ಸಫೊಕ್ ಸೀಮೆಯ ಬ್ರಾಡ್‌ಫೀಲ್ಡ್ ಕಾಡಿನ ಚರಿತ್ರೆ ಓದಿದರೆ ಅದನ್ನು ಕೊಂಚ ತಿದ್ದಿಕೊಳ್ಳಬೇಕಾಗುತ್ತದೆ. ಒಂದು ಕಾಲಕ್ಕೆ ಬರಿ ಸೇಂಟ್ ಎಡ್ಮಂಡ್ಸ್‌ನ ಕ್ರೈಸ್ತ ಮಠದ ಸೊತ್ತಾಗಿದ್ದ ಈ ಕಾಡನ್ನು ಸರದಿಯಂತೆ ಕಡಿಯುತ್ತಿದ್ದುದಕ್ಕೆ 1252ರಿಂದಲೇ ದಾಖಲೆಗಳಿವೆ. ಬೇರು ಕೀಳುತ್ತಿರಲಿಲ್ಲ. ಆ್ಯಶ್, ಹೇಝಲ್ ಮರಗಳನ್ನು ಬುಡದ ಬಳಿ ಕಡಿದು, ಮೋಟು ಮತ್ತೆ ಚಿಗುರಿ ಬೆಳೆಯಲು ವರ್ಷಗಟ್ಟಲೆ ಬಿಡುತ್ತಿದ್ದರು. ಕಡಿದಲ್ಲಿ ಬಿಸಿಲು ಇಳಿಯುತ್ತದೆ. ನೆರಳಲ್ಲಿ ಸೊರಗಿದ್ದ ಆಕ್ಸ್‌ಲಿಪ್ ಗಿಡ ಮುಂದಿನ ವಸಂತಗಳಲ್ಲಿ ತಿಳಿಹಳದಿ ಹೂಗಳಿಂದ ತುಂಬುತ್ತದೆ. ಅಲ್ಲಿ ಮತ್ತೆ ನೆರಳು ಕವಿಯುವಷ್ಟರಲ್ಲಿ ಇನ್ನೊಂದು ಪಾಲಿನ ಸರದಿ. 370ಕ್ಕೂ ಹೆಚ್ಚು ಬಗೆಯ ಸಸ್ಯಗಳು ಇಲ್ಲಿವೆ. ಆ್ಯಶ್‌ನ ಕೆಲವು ಮೋಟುಗಳಿಗೆ ಸಾವಿರ ವರ್ಷವಾಗಿರಬಹುದಂತೆ! ಕಡಿಯದೆ ಬಿಟ್ಟರೆ ಅಷ್ಟು ಕಾಲ ಬಾಳುವ ಮರವಲ್ಲ ಅದು.

1539ರಲ್ಲಿ ಮಠ ಮುಚ್ಚಿತು, ಕಡಿತ ನಿಲ್ಲಲಿಲ್ಲ. ನಿಜವಾದ ಕುತ್ತು ಬಂದುದು 1960ರ ದಶಕದಲ್ಲಿ, ಹೊಲ ಮಾಡಲೆಂದು ಕಾಡಿನ ದೊಡ್ಡ ಭಾಗವನ್ನು ಬೇರುಸಹಿತ ಕಿತ್ತಾಗ. ಉಳಿದುದನ್ನು 1970ರಲ್ಲಿ ನಿಸರ್ಗ ಸಂರಕ್ಷಣಾ ಸಂಸ್ಥೆಯೊಂದು ಕೊಂಡುಕೊಂಡಿತು. 2012ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾದ ಶಿಲೀಂಧ್ರ ರೋಗವೊಂದು ಈಗ ಆ್ಯಶ್ ಮರಗಳನ್ನು ಕೊಲ್ಲುತ್ತಿದೆ. ಆ ಹಳೆಯ ಮೋಟುಗಳಿಗೂ ಅದರ ಭಯ ಇದ್ದೇ ಇದೆ. ಕೊಡಲಿಯ ಸರದಿ ಮಾತ್ರ ಇಂದಿಗೂ ನಡೆದಿದೆ.