ಜೇಮ್ಸ್ ಸ್ಟೀವರ್ಟ್ (1908–1997)

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಇಂಡಿಯಾನಾ ಎಂಬ ಸಣ್ಣ ಊರು. ಅಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಅಲೆಕ್ಸಾಂಡರ್ ಸ್ಟೀವರ್ಟ್ ಅವರ ಮಗ ಜೇಮ್ಸ್. ಪ್ರಿನ್ಸ್‌ಟನ್‌ನಲ್ಲಿ ಓದಿದ್ದು ವಾಸ್ತುಶಿಲ್ಪ, ಸೆಳೆದದ್ದು ನಾಟಕ; ಮುಂದೆ ಸಿನಿಮಾ ನಟರಾದರು.

‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ (1939) ಚಿತ್ರದಲ್ಲಿ ಅವರದು ಗಂಟೆಗಟ್ಟಲೆ ಮಾತಾಡಿ ಗಂಟಲು ಕಟ್ಟಿಹೋದ ಸೆನೆಟರ್‌ನ ಪಾತ್ರ. ದನಿ ನಿಜವಾಗಿಯೇ ಒಡೆಯಲೆಂದು ವೈದ್ಯರಿಂದ ಗಂಟಲಿಗೆ ಔಷಧದ ಹನಿ ಹಾಕಿಸಿಕೊಂಡು ಕ್ಯಾಮೆರಾ ಎದುರು ನಿಂತರು. ಮರುವರ್ಷದ ‘ದ ಫಿಲಡೆಲ್ಫಿಯಾ ಸ್ಟೋರಿ’ ಆಸ್ಕರ್ ತಂದಿತು. ಆ ಪ್ರತಿಮೆಯನ್ನು ತಂದೆ ಊರಿಗೆ ತರಿಸಿಕೊಂಡು, ಮೊಳೆ, ಸುತ್ತಿಗೆ ಮಾರುವ ತಮ್ಮ ಅಂಗಡಿಯಲ್ಲೇ ವರ್ಷಗಟ್ಟಲೆ ಇಟ್ಟಿದ್ದರು. ಪ್ರತಿಮೆಗೆ ಅದಕ್ಕಿಂತ ತಕ್ಕ ಜಾಗ ಇನ್ನೆಲ್ಲಿತ್ತು!

ಸೇನೆಗೆ ಸೇರಲು ಹೋದಾಗ ತೂಕ ಸಾಲದೆಂದು ಮೊದಲು ವಾಪಸು ಕಳಿಸಿದರು. ಮೈ ತೂಕ ಹೆಚ್ಚಿಸಿಕೊಂಡು 1941ರ ಮಾರ್ಚ್‌ನಲ್ಲಿ, ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿಯುವ ಮೊದಲೇ, ಸೇರಿಯೇಬಿಟ್ಟರು. ಸೇನೆಯ ಪ್ರಚಾರಕ್ಕಷ್ಟೇ ಉಳಿಯಲು ಮನಸ್ಸಾಗದೆ, ಬಿ-24 ಬಾಂಬರ್ ವಿಮಾನದ ಪೈಲಟ್ ಆಗಿ ಇಂಗ್ಲೆಂಡಿನಿಂದ 20 ಬಾರಿ ದಾಳಿಗೆ ಹಾರಿದರು. ಯುದ್ಧ ಮುಗಿಯುವಾಗ ಕರ್ನಲ್.

ಹಿಂದಿರುಗಿದವರ ಮೊದಲ ಚಿತ್ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ (1946). ಹಣದ ಸಂಕಷ್ಟಕ್ಕೆ ಸಿಕ್ಕ ಗೃಹಸ್ಥ ಬಾರ್‌ನಲ್ಲಿ ಕೂತು ದೇವರನ್ನು ಬೇಡುವ ದೃಶ್ಯ ಅವರ ಅಭಿನಯದ ತುತ್ತತುದಿ. ಚಿತ್ರಕ್ಕೆ ಹಾಕಿದ ಹಣ ಚಿತ್ರಮಂದಿರಗಳಿಂದ ವಾಪಸು ಬರಲಿಲ್ಲ. ಮುಂದೆ ಟಿವಿಯ ಮೂಲಕ ಅದು ಕ್ರಿಸ್‌ಮಸ್‌ಗೆ ಮನೆಮಂದಿಯೆಲ್ಲ ಕೂತು ನೋಡುವ ಚಿತ್ರವಾಯಿತು.

ನಿರ್ದೇಶಕ ಆಂಥನಿ ಮ್ಯಾನ್ ಅವರ ವೆಸ್ಟರ್ನ್ ಚಿತ್ರಗಳಲ್ಲಿ ಒರಟು ನಾಯಕನಾದರು. ನಿರ್ದೇಶಕ ಹಿಚ್‌ಕಾಕ್ ಜೊತೆ ಮಾಡಿದ್ದು ನಾಲ್ಕು ಚಿತ್ರ. ‘ವರ್ಟಿಗೋ’ (1958) ಅವುಗಳಲ್ಲಿ ಕೊನೆಯದು. 1997ರ ಜುಲೈ 2ರಂದು ಬೆವರ್ಲಿ ಹಿಲ್ಸ್‌ನಲ್ಲಿ ತೀರಿಕೊಂಡಾಗ ಅವರಿಗೆ 89 ವರ್ಷ.