ಮರದ ಗಾಲಿಯ ಕಬ್ಬಿಣದ ಕೀಲು



ಬಂಡಿಗೆ ಆಧಾರವಾದುದು ಯಾವುದು ಎಂದು ಕೇಳಿದರೆ ಎತ್ತೆಂದು ಹೇಳುವವರುಂಟು, ಗಾಲಿಯೆಂದು ಹೇಳುವವರುಂಟು, ಅಚ್ಚೆಂದು ಹೇಳುವವರೂ ಉಂಟು. ದೇವರ ದಾಸಿಮಯ್ಯನು ಇವಾವುದನ್ನೂ ಹೇಳದೆ, ಅಚ್ಚಿನ ತುದಿಯಲ್ಲಿದ್ದು ಗಾಲಿ ಕಳಚಿಬೀಳದಂತೆ ಕಾಯುವ ಕಡೆಗೀಲನ್ನೇ ತನ್ನ ವಚನದಲ್ಲಿ ಎತ್ತಿ ತೋರಿಸಿದನು. ಅಂಗೈಯಲ್ಲಿ ಅಡಗುವ ಒಂದು ಕಬ್ಬಿಣದ ತುಂಡು. ಅದು ಇಲ್ಲವಾದರೆ ಅಷ್ಟು ದೊಡ್ಡ ಬಂಡಿಯೂ ಮುಗ್ಗರಿಸುತ್ತದೆ. ಇಂದು ನಾನು ತಮ್ಮ ಮುಂದೆ ಇಡಬೇಕೆಂದಿರುವ ವಿಷಯವೂ ಇಂಥದೇ ಕೀಲಿನದು. ಆದರೆ ಇದು ಎತ್ತಿನ ಬಂಡಿಯದಲ್ಲ. ಮರದ ಗಾಲಿಯ ಹಳೆಯ ಮೋಟಾರು ಗಾಡಿಯದು.

ಕೊಡಗಿನಲ್ಲಿ, ಮಡಿಕೇರಿಗೆ ದಕ್ಷಿಣದಲ್ಲಿ, ಕಾವೇರಿಯ ಬಳಿ ನಾಪೋಕ್ಲು ಎಂಬ ಊರಿದೆ. ಆ ಊರಿನ ಸುತ್ತಿನ ಯಾವುದೋ ಒಂದು ಮನೆಯಲ್ಲಿ, ಕಾಫಿಯ ಕಣದ ಬದಿಯ ಕೊಟ್ಟಿಗೆಯೊಳಗೆ, 1920ರ ಸುಮಾರಿನ ಫೋರ್ಡ್ ಟಿ ಮಾದರಿಯ ಗಾಡಿಯೊಂದು ನಿಂತಿದೆಯೆಂದು ಭಾವಿಸೋಣ. ಅದನ್ನು ಮತ್ತೆ ಓಡಿಸಬೇಕೆಂಬುದು ಮನೆಯವರ ಆಸೆ. ಬಣ್ಣ ಬಳಿಯುವವರು ಸಿಕ್ಕಾರು, ಆಸನಕ್ಕೆ ಚರ್ಮ ಹೊದಿಸುವವರೂ ಸಿಕ್ಕಾರು. ಕೆಲಸ ನಿಲ್ಲುವುದು ಗಾಲಿಯ ಬಳಿಗೆ ಬಂದಾಗ. ಈ ಗಾಡಿಯ ಪ್ರತಿಯೊಂದು ಗಾಲಿಯ ನಡುವಿನ ಗುಂಬಕ್ಕೂ ಆರು ಬೋಲ್ಟುಗಳು. ನಾಲ್ಕು ಗಾಲಿಗೆ ಒಟ್ಟು ಇಪ್ಪತ್ತನಾಲ್ಕು. ಅವುಗಳಲ್ಲಿ ಕೆಲವು ತುಕ್ಕು ಹಿಡಿದಿವೆ, ಕೆಲವು ಬಿದ್ದುಹೋಗಿವೆ, ಕೆಲವನ್ನು ಯಾರೋ ಎಂದೋ ಕೈಗೆ ಸಿಕ್ಕ ಬೋಲ್ಟಿನಿಂದ ತುಂಬಿಸಿದ್ದಾರೆ. ಸರಿಯಾದ ಬೋಲ್ಟು ಯಾವುದು? ಪ್ರಶ್ನೆ ಚಿಕ್ಕದು. ಉತ್ತರಕ್ಕಾಗಿ ಒಂದು ಶತಮಾನಕ್ಕೂ ಹೆಚ್ಚಿನ ಚರಿತ್ರೆಯನ್ನು ತಿರುವಿಹಾಕಬೇಕಾಗುತ್ತದೆ.

ಮೊದಲು ಕೊಡಗಿನ ದಾರಿಗಳ ಮಾತನ್ನು ಹೇಳುತ್ತೇನೆ. ಹಾಲೇರಿ ಅರಸರ ಕಾಲದಲ್ಲಿ ದುರ್ಗಮವಾದ ಕಾಡು ಮತ್ತು ಕಣಿವೆಗಳೇ ನಾಡಿನ ಕೋಟೆಯಾಗಿದ್ದವು. ಗಡಿಯಲ್ಲಿ ಕಡಂಗಗಳನ್ನು ತೋಡಿ ಶತ್ರುವನ್ನು ತಡೆಯುತ್ತಿದ್ದ ನಾಡಿಗೆ ಅಗಲವಾದ ದಾರಿ ಲಾಭಕ್ಕಿಂತ ಅಪಾಯವನ್ನೇ ತರುತ್ತಿತ್ತು. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತನನ್ನಾಗಿ ಮಾಡಿ ಕೊಡಗನ್ನು ವಶಪಡಿಸಿಕೊಂಡ ಬಳಿಕ ಸ್ಥಿತಿ ಬದಲಾಯಿತು. 1854ರಲ್ಲಿ ಮಡಿಕೇರಿಯಲ್ಲಿ ಫೌಲರ್ ಎಂಬಾತನು ಯುರೋಪಿಯನರ ಮೊದಲನೆಯ ಕಾಫಿ ತೋಟವನ್ನು ಹೂಡಿದನು. ಬೆಳೆದ ಕಾಫಿ ಘಟ್ಟವಿಳಿಯಬೇಕಾದರೆ ಗಾಲಿ ಉರುಳುವ ದಾರಿ ಬೇಕು. ರೈಲುಮಾರ್ಗವಂತೂ ಕೊಡಗಿನೊಳಗೆ ಇಂದಿಗೂ ಬಂದಿಲ್ಲ. ಆದುದರಿಂದ ಆ ನಾಡಿನಲ್ಲಿ ಎತ್ತಿನ ಬಂಡಿಯ ಕೈಯಿಂದ ಭಾರವನ್ನು ವಹಿಸಿಕೊಂಡುದು ಉಗಿಬಂಡಿಯಲ್ಲ, ಮೋಟಾರು.

ಈಗ ಗಾಲಿಯ ರಚನೆಯನ್ನು ನೋಡೋಣ. ನಮ್ಮ ಬಡಗಿಯು ಬಂಡಿಯ ಗಾಲಿಯನ್ನು ಮಾಡುವಾಗ ಮರದ ಗುಂಬಕ್ಕೆ ತೂತುಗಳನ್ನು ಕೊರೆದು ಅದರಲ್ಲಿ ಅರಗಳನ್ನು ನಾಟುತ್ತಾನೆ. ಸುತ್ತಲೂ ಮರದ ಬಾಗುತುಂಡುಗಳನ್ನು ಜೋಡಿಸಿ, ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಹೊರಗಿನಿಂದ ತೊಡಿಸಿ ನೀರೆರೆಯುತ್ತಾನೆ. ಪಟ್ಟಿ ತಣ್ಣಗಾಗಿ ಕುಗ್ಗಿದಾಗ ಗಾಲಿಯೆಲ್ಲ ಬಿಗಿಯಾಗುತ್ತದೆ. ಬಿಗಿತವೆಲ್ಲ ಹೊರಗಿನಿಂದ ಒಳಕ್ಕೆ ಬಂದುದು. ನಡುವೆ ಬೋಲ್ಟಿಗೆ ಕೆಲಸವಿಲ್ಲ.

ಮೋಟಾರಿನ ಮರದ ಗಾಲಿ ಬೇರೆ ವಂಶದ್ದು. ಅಲ್ಲಿ ಅರಗಳ ಒಳತುದಿಗಳನ್ನು ಬೆಣೆಯಾಕಾರವಾಗಿ ಕೆತ್ತಿ ಒಂದಕ್ಕೊಂದು ಒತ್ತಿ ನಿಲ್ಲುವಂತೆ ಕೂಡಿಸಿರುತ್ತಾರೆ. ಕಮಾನಿನ ಕಲ್ಲುಗಳು ಒಂದನ್ನೊಂದು ಹಿಡಿದು ನಿಲ್ಲುವಂತೆಯೇ. ಈ ಕೂಟವನ್ನು ಇಬ್ಬದಿಯಿಂದ ಎರಡು ಲೋಹದ ತಟ್ಟೆಗಳು ಅಪ್ಪಿಕೊಳ್ಳುತ್ತವೆ. ತಟ್ಟೆಗಳನ್ನು ಬೋಲ್ಟುಗಳು ಬಿಗಿಯುತ್ತವೆ. 1830ರ ದಶಕದಲ್ಲಿ ಲಂಡನ್ನಿನಲ್ಲಿ ಉಗಿಯ ಗಾಡಿಗಳನ್ನು ಓಡಿಸಿದ ವಾಲ್ಟರ್ ಹ್ಯಾನ್‌ಕಾಕನು ಇಂತಹ ಗಾಲಿಗಳನ್ನು ಬಳಸಿದನು. ಆಮೇಲೆ ಈ ರೀತಿಯು ಫಿರಂಗಿಯ ಬಂಡಿಗಳಿಗೆ ಬಂದಿತು. ಆ ಕಾರಣದಿಂದಲೇ ಮೋಟಾರಿನ ಮರದ ಗಾಲಿಗೆ ಇಂದಿಗೂ ಫಿರಂಗಿ ಗಾಲಿ ಎಂಬ ಅರ್ಥದ ಇಂಗ್ಲಿಷ್ ಹೆಸರು ಉಳಿದಿದೆ.

ಇಲ್ಲಿ ನಮ್ಮ ಗಮನಕ್ಕೆ ಅರ್ಹವಾದ ಒಂದು ಸಂಗತಿಯುಂಟು. ಇಂಗ್ಲೆಂಡಿನ ತೋಪಖಾನೆಯು 19ನೆಯ ಶತಮಾನದಲ್ಲಿ ಅಂಗೀಕರಿಸಿದ ಇಂಥ ಲೋಹದ ಗುಂಬದ ಗಾಲಿಗೆ ಮದರಾಸು ಮಾದರಿಯ ಗಾಲಿ ಎಂದೇ ಹೆಸರು. ಇನ್ನೂ ಹಿಂದಕ್ಕೆ ಹೋದರೆ, ಟಿಪ್ಪುವಿನ ಪತನಾನಂತರ ಈಸ್ಟ್ ಇಂಡಿಯಾ ಕಂಪೆನಿಯು ತನ್ನ ಫಿರಂಗಿ ಬಂಡಿಗಳ ಕಾರ್ಖಾನೆಯನ್ನು ನಡೆಸಿದುದು ನಮ್ಮ ಶ್ರೀರಂಗಪಟ್ಟಣದಲ್ಲಿ; ಆ ಕಾರ್ಖಾನೆಯೇ ಮುಂದೆ ಮದರಾಸಿಗೆ ವರ್ಗವಾಯಿತು. ಪಶ್ಚಿಮ ಘಟ್ಟದ ತೇಗ ಮತ್ತು ಬೀಟೆಯ ಮರಗಳು ಫಿರಂಗಿಯ ಬಂಡಿಗೂ ಗಾಲಿಗೂ ಹೇಳಿಮಾಡಿಸಿದಂಥವು. ಆದ್ದರಿಂದ ನಾಪೋಕ್ಲುವಿನ ಕೊಟ್ಟಿಗೆಯಲ್ಲಿರುವ ಅಮೆರಿಕದ ಗಾಲಿಯನ್ನು ಕೇವಲ ಪರದೇಶಿಯೆಂದು ಎಣಿಸಬೇಕಾಗಿಲ್ಲ. ಅದರ ನೆಂಟರು ನಮ್ಮ ಕಾವೇರಿಯ ದಡದಲ್ಲಿಯೂ ಇದ್ದರು.

ಇನ್ನು ಬೋಲ್ಟಿಗೆ ಬರೋಣ. ಬೋಲ್ಟಿನ ಜೀವವೆಲ್ಲ ಅದರ ತಿರುಪಿನ ಸುತ್ತಿನಲ್ಲಿದೆ. 1841ರವರೆಗೆ ಇಂಗ್ಲೆಂಡಿನ ಒಂದೊಂದು ಕಾರ್ಖಾನೆಗೂ ಒಂದೊಂದು ಬಗೆಯ ಸುತ್ತು. ಆ ವರ್ಷ ಜೋಸೆಫ್ ವಿಟ್‌ವರ್ತನು ಹಲವು ಕಾರ್ಖಾನೆಗಳ ತಿರುಪುಗಳನ್ನು ತರಿಸಿ, ಅವುಗಳ ಸರಾಸರಿ ತೆಗೆದು, ಎಲ್ಲರಿಗೂ ಒಪ್ಪಬಹುದಾದ ಒಂದು ಕ್ರಮವನ್ನು ಮುಂದಿಟ್ಟನು. ಅವನ ಸುತ್ತಿನ ಇಳಿಜಾರುಗಳ ನಡುವಣ ಕೋನ 55 ಡಿಗ್ರಿ. 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸನು ಅಮೆರಿಕಕ್ಕೆ 60 ಡಿಗ್ರಿಯ ಬೇರೊಂದು ಕ್ರಮವನ್ನು ಕೊಟ್ಟನು. ಯುರೋಪಿನ ಭೂಖಂಡದಲ್ಲಿ ಮಿಲಿಮೀಟರಿನ ಕ್ರಮ ನೆಲೆಯೂರಿತು. 20ನೆಯ ಶತಮಾನದ ಮೊದಲ ದಶಕದಲ್ಲಿ, ಮೋಟಾರಿನ ಅಲುಗಾಟಕ್ಕೆ ಸಡಿಲವಾಗದಿರಲೆಂದು, ಅಮೆರಿಕದವರೂ ಇಂಗ್ಲಿಷರೂ ಪ್ರತ್ಯೇಕವಾಗಿ ಸಣ್ಣ ಸುತ್ತಿನ ಕ್ರಮಗಳನ್ನು ಹೊರಡಿಸಿದರು. ಒಂದು ಬೋಲ್ಟಿಗೆ ಐದು ಮತಗಳಾದವು!

ಇವುಗಳ ಭೇದ ಕಣ್ಣಿಗೆ ಕಾಣುವುದಿಲ್ಲವೆಂಬುದೇ ಇಲ್ಲಿಯ ಅಪಾಯ. ಅರ್ಧ ಅಂಗುಲದ ವಿಟ್‌ವರ್ತ್ ಬೋಲ್ಟಿಗೆ ಅಂಗುಲಕ್ಕೆ 12 ಸುತ್ತು. ಅದೇ ದಪ್ಪದ ಅಮೆರಿಕದ ದಪ್ಪಸುತ್ತಿನ ಬೋಲ್ಟಿಗೆ 13. ಇವೆರಡನ್ನು ಬೆರಸಿದರೆ ನಟ್ಟು ಕೊಂಚ ತಿರುಗಿ ಸಿಕ್ಕಿಕೊಳ್ಳುವುದರಿಂದ ತಪ್ಪು ಕೂಡಲೇ ತಿಳಿಯುತ್ತದೆ. ಆದರೆ ಅಂಗುಲದ ಎಂಟರಲ್ಲಿ ಮೂರು ಭಾಗದ ಬೋಲ್ಟಿಗೆ ಎರಡು ಕ್ರಮದಲ್ಲಿಯೂ 16 ಸುತ್ತುಗಳೇ. ಅಲ್ಲಿ ಇಂಗ್ಲಿಷ್ ನಟ್ಟು ಅಮೆರಿಕದ ಬೋಲ್ಟಿನ ಮೇಲೆ ನಿರಾಯಾಸವಾಗಿ ಏರುತ್ತದೆ. ಆದರೆ ಕೋನ ಬೇರೆಯಾದುದರಿಂದ ಸುತ್ತಿನ ಮೈಗೆ ಮೈ ತಾಗುವುದಿಲ್ಲ. ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ ಭಾರ ನಿಲ್ಲುತ್ತದೆ. ಬಿಗಿಯಾಯಿತೆಂದು ಕೈಗೆ ತೋರುತ್ತದೆ, ಆದರೆ ಬಿಗಿಯಾಗಿರುವುದಿಲ್ಲ. ಸುಲಭವಾಗಿ ಕೂಡಿದುದೆಲ್ಲ ಸರಿಯಾಗಿ ಕೂಡಿತೆಂದು ತಿಳಿಯಬಾರದು.

ಹಾಗಾದರೆ ಗಾಡಿಯ ಕುಲವನ್ನು ತಿಳಿಯುವುದು ಹೇಗೆ? ಗಾಡಿಯೇ ಸಾಕ್ಷಿ ಹೇಳುತ್ತದೆ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ತಯಾರಾದ ಟಿ ಮಾದರಿಯು ಬ್ರಿಟಿಷ್ ಚಕ್ರಾಧಿಪತ್ಯದ ನಾಡುಗಳಿಗೆ ಹೆಚ್ಚಾಗಿ ಬರುತ್ತಿದ್ದುದು ಕೆನಡಾದ ಫೋರ್ಡ್ ಕಂಪೆನಿಯಿಂದ. ಕೆನಡಾದ ರಾಬರ್ಟ್‌ಸನ್ ಎಂಬಾತನು ತಲೆಯಲ್ಲಿ ಚೌಕದ ಕುಳಿಯುಳ್ಳ ತಿರುಪುಮೊಳೆಯನ್ನು ನಿರ್ಮಿಸಿದ್ದನು. ಅಲ್ಲಿಯ ಫೋರ್ಡ್ ಕಾರ್ಖಾನೆ ಅದನ್ನು ಗಾಡಿಯ ಮರಗೆಲಸದಲ್ಲಿ ಬಳಸಿತು. ಆದುದರಿಂದ ಗಾಡಿಯ ಮೈಯ ಮರದಲ್ಲಿ ಅಂಥ ಮೊಳೆ ಕಂಡರೆ ಅದರ ತವರು ಕೆನಡಾ ಎಂದೂ, ಅದರ ಬೋಲ್ಟುಗಳನ್ನು ಅಮೆರಿಕದ ಕ್ರಮದಲ್ಲಿ ಹುಡುಕಬೇಕೆಂದೂ ಊಹಿಸಬಹುದು. ಆದರೂ ಊಹೆಯನ್ನು ಅಳತೆಯಿಂದ ಪರೀಕ್ಷಿಸಲೇಬೇಕು. 1920ರ ದಶಕದ ಇಂಗ್ಲೆಂಡಿನ ಮಾರಿಸ್ ಗಾಡಿಯ ಎಂಜಿನ್ನಿನಲ್ಲಿ, ಅದರ ಮೂಲ ಫ್ರಾನ್ಸಿನ ಹಾಚ್‌ಕಿಸ್ ಕಂಪೆನಿಯದಾದುದರಿಂದ, ಸುತ್ತು ಮಿಲಿಮೀಟರಿನದು, ತಲೆ ಮಾತ್ರ ವಿಟ್‌ವರ್ತ್ ಪಾನಾಕ್ಕೆ ಹೊಂದುವಂಥದು! ತಲೆಯನ್ನು ನೋಡಿ ಮೈಯನ್ನು ನಿರ್ಣಯಿಸಿದವನು ಇಲ್ಲಿ ಮೋಸಹೋಗುತ್ತಾನೆ. ಸುತ್ತಿನ ಅಳತೆಪಟ್ಟಿಯೊಂದೇ ಸುಳ್ಳಾಡದ ಸಾಕ್ಷಿ.

ಸುತ್ತು ಸರಿಯಾದರೂ ಕೆಲಸ ಮುಗಿಯಲಿಲ್ಲ. ತಲೆಯಿಂದ ತುದಿಯವರೆಗೂ ಸುತ್ತಿರುವ ಬೋಲ್ಟು ಗುಂಬಕ್ಕೆ ಸಲ್ಲದು. ಮರದೊಳಗಿರುವ ಭಾಗ ನುಣುಪಾಗಿ, ತೂತಿಗೆ ತುಂಬಿಕೊಂಡಿರಬೇಕು. ಇಲ್ಲವಾದರೆ ಸುತ್ತಿನ ಏಣುಗಳು ಅರದ ಮರವನ್ನು ಅರದಂತೆಯೇ ಉಜ್ಜಿ ತೂತನ್ನು ಹಿರಿದು ಮಾಡುತ್ತವೆ. ಟಿ ಮಾದರಿಯ ಹಿಂದಿನ ಗಾಲಿಯಲ್ಲಿ ಅದೇ ಬೋಲ್ಟುಗಳು ಬ್ರೇಕಿನ ಡ್ರಮ್ಮನ್ನೂ ಹಿಡಿಯುವುದರಿಂದ ಉದ್ದವನ್ನು ಕಣ್ಣಳತೆಗೆ ಬಿಡಲಾಗದು. ನಟ್ಟನ್ನು ಬಿಗಿದ ಮೇಲೆ ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ತಟ್ಟಿ ಅರಳಿಸಿ, ಅದು ಬಿಚ್ಚದಂತೆ ಮಾಡುವುದು ಹಳೆಯ ಪದ್ಧತಿ.

ಕೊಡಗಿನಲ್ಲಿ ಇನ್ನೊಂದು ತೊಡಕುಂಟು. ಈ ಗಾಲಿಯ ಅರಗಳು ಹಿಕರಿಯೆಂಬ ಉತ್ತರ ಅಮೆರಿಕದ ಮರದವು. ಜೂನಿನಲ್ಲಿ ಮಳೆ ಹಿಡಿದರೆ ನಾಪೋಕ್ಲುವಿನಲ್ಲಿ ಕಾವೇರಿ ಉಕ್ಕಿ ರಸ್ತೆಗಳ ಮೇಲೆ ಹರಿಯುವುದುಂಟು. ಆ ತೇವಕ್ಕೆ ಮರ ಉಬ್ಬುತ್ತದೆ. ಲೋಹದ ತಟ್ಟೆಗಳ ನಡುವೆ ಉಬ್ಬಲು ಎಡೆಯಿಲ್ಲದೆ ಅದರ ನಾರು ನಲುಗುತ್ತದೆ. ಬೇಸಗೆಯಲ್ಲಿ ಒಣಗಿದಾಗ ಮೊದಲಿಗಿಂತಲೂ ಹೆಚ್ಚು ಕುಗ್ಗುತ್ತದೆ. ಆಗ ಗಾಲಿ ನಡೆಯುವಾಗ ಕಿಟಕಿಟನೆ ಸದ್ದು ಕೇಳಿಬರುತ್ತದೆ. ಗಾಲಿಯನ್ನು ನೀರಿನಲ್ಲಿ ನೆನೆಸಿದರೆ ಬಿಗಿಯಾದೀತೆಂದು ಹೇಳುವವರುಂಟು. ಆ ಬಿಗಿತ ನಾಲ್ಕು ದಿನದ್ದು. ಮುಂದಿನ ಸಡಿಲಕ್ಕೆ ಅದೇ ಕಾರಣ. ಒಣಹವೆಯಲ್ಲಿ ನಟ್ಟನ್ನು ಪರೀಕ್ಷಿಸಿ ಬಿಗಿಯುವುದೂ, ಅದರಿಂದಲೂ ಸದ್ದು ನಿಲ್ಲದಿದ್ದರೆ ಅರಗಳನ್ನೇ ಹೊಸದಾಗಿ ಮಾಡಿಸುವುದೂ ಸರಿಯಾದ ಚಿಕಿತ್ಸೆ.

ಇಷ್ಟೆಲ್ಲ ಏಕೆ, ಇಂದಿನ ಅಂಗಡಿಯ ಗಟ್ಟಿಯಾದ ಬೋಲ್ಟು ಹಾಕಿದರಾಗದೆ ಎಂದು ತಾವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಉಕ್ಕು ಇಂದು ಹಿಂದಿಗಿಂತ ಉತ್ತಮವಾಗಿದೆಯೆಂಬುದು ನಿಜ. ಆದರೆ 1956ರ ಶಾಸನದ ತರುವಾಯ ನಮ್ಮ ದೇಶ ಮೆಟ್ರಿಕ್ ಅಳತೆಗೆ ತಿರುಗಿತು. ಅದು ದೇಶಕ್ಕೆ ಒಳಿತಾಯಿತು. ಅಂಗುಲದ ತೂತು ಮಾತ್ರ ಅಂಗುಲದ ತೂತಾಗಿಯೇ ಉಳಿದಿದೆ. ಅದರೊಳಗೆ ಕೂದಲೆಳೆಯಷ್ಟು ಸಣ್ಣದಾದ ಬೋಲ್ಟನ್ನು ಹಾಕಿದರೆ, ಘಟ್ಟದ ಪ್ರತಿಯೊಂದು ತಿರುವಿನಲ್ಲಿಯೂ ಗಾಲಿಯ ಮೇಲೆ ಬೀಳುವ ಅಡ್ಡಭಾರವು ಆ ಎಡೆಯನ್ನು ಹಿಗ್ಗಿಸುತ್ತ ಹೋಗುತ್ತದೆ. ಮಡಿಕೇರಿಯ ಇಳಿಜಾರಿನಲ್ಲಿ ಗಾಲಿ ಬಿಚ್ಚಿದರೆ ಹಾನಿ ಚರಿತ್ರೆಗಲ್ಲ, ಗಾಡಿಯಲ್ಲಿ ಕುಳಿತ ಮಕ್ಕಳುಮರಿಗಳಿಗೆ. ಹಳೆಯದೆಂಬ ಒಂದೇ ಕಾರಣಕ್ಕೆ ತುಕ್ಕುತಿಂದ ಬೋಲ್ಟನ್ನು ಮತ್ತೆ ಹಾಕುವುದೂ ಅಷ್ಟೇ ಅವಿವೇಕ. ಅಳತೆ, ಸುತ್ತು, ಆಕಾರಗಳು ಹಳೆಯವು, ಲೋಹ ಹೊಸದು: ಹೀಗೆ ಒಳ್ಳೆಯ ಲೇತಿನ ಕೆಲಸಗಾರನಿಂದ ಮಾಡಿಸಿಕೊಂಡು, ತೆಗೆದ ಹಳೆಯ ಬೋಲ್ಟುಗಳಲ್ಲಿ ಒಂದನ್ನಾದರೂ ಚೀಟಿ ಕಟ್ಟಿ ಕಾಪಾಡುವುದು ಉಚಿತವಾದ ಮಾರ್ಗ. ಮುಂದಿನವರಿಗೆ ಆ ಒಂದು ಬೋಲ್ಟೇ ಶಾಸನ.

ಕೊಡಗಿನವರಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ. ಕೈಲ್‌ಪೊಳ್ದಿನ ದಿನ ಮನೆಯ ಕೋವಿಗೆ ತೋಕ್‌ಪೂವನ್ನು ಮುಡಿಸಿ ಪೂಜಿಸುವ ಜನ ಅವರು. ಅಲಂಕಾರಕ್ಕೆ ಮೊದಲು ಕೋವಿಯನ್ನು ಬಿಚ್ಚಿ, ಒರಸಿ, ಎಣ್ಣೆಹಾಕಿ ಕೆಲಸಕ್ಕೆ ಸಿದ್ಧಮಾಡುವುದು ಅಲ್ಲಿಯ ರೂಢಿ. ಹಳೆಯ ವಸ್ತುವಿಗೆ ಸಲ್ಲುವ ನಿಜವಾದ ಮರ್ಯಾದೆ ಅದೇ. ಕೊಟ್ಟಿಗೆಯಲ್ಲಿ ನಿಂತ ಗಾಡಿಗೂ ಹೂವು ಆಮೇಲೆ ಬರಲಿ; ಮೊದಲು ಕಡೆಗೀಲು ಸರಿಯಾಗಲಿ.